ಕತ್ತರಿ ಹಿಡಿದವನ ಹೆಸರು: ಟೇಲರ್ ಎಂಬ ಇಂಗ್ಲಿಷ್ ಅಡ್ಡಹೆಸರಿನ ಕಥೆ

ಕೆಲವು ವರ್ಷಗಳ ಹಿಂದೆ ಸುರಪುರಕ್ಕೆ ಹೋಗಿದ್ದಾಗ, ಬಸ್ಸಿನಿಂದ ಇಳಿದವನೇ ಹಣ್ಣಿನ ಬಂಡಿಯ ಹುಡುಗನೊಬ್ಬನನ್ನು ಟೇಲರ್ ಮಂಜಿಲ್‌ಗೆ ದಾರಿ ಯಾವುದೆಂದು ಕೇಳಿದೆ. ಅವನು ಯೋಚಿಸಲೂ ಇಲ್ಲ. ‘ಟೈಲರ್ ಅಂಗಡಿ ಏನ್ರಿ? ಇದೇ ಓಣ್ಯಾಗ ಮುಂದ ಹೋಗ್ರಿ, ಎರಡು ಅದಾವ’ ಎಂದ. ಪಕ್ಕದಲ್ಲಿ ಬಾಳೆಹಣ್ಣು ಆರಿಸುತ್ತಿದ್ದ ಹಿರಿಯರೊಬ್ಬರು ನಕ್ಕು, ‘ಅವರು ಸಾಹೇಬನ ಬಂಗಲೆ ಕೇಳ್ಲಾಕತ್ತಾರಪ, ಗುಡ್ಡದ ಮ್ಯಾಲಿಂದು’ ಎಂದು ಅವನನ್ನು ತಿದ್ದಿ ನನಗೆ ದಾರಿ ತೋರಿಸಿದರು. ಗುಡ್ಡ ಹತ್ತುವಾಗ ಯೋಚಿಸಿದರೆ, ಆ ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಬಂಗಲೆಯನ್ನು ಕಟ್ಟಿಸಿದ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರನ ಹೆಸರಿಗೂ ಓಣಿಯಲ್ಲಿ ಹೊಲಿಗೆ ಯಂತ್ರ ತುಳಿಯುವವನ ಕಸುಬಿಗೂ ಇರುವುದು ಒಂದೇ ಮಾತು. ಎಂಟುನೂರು ವರ್ಷಗಳ ಹಿಂದೆ ಅವೆರಡರ ನಡುವೆ ಯಾವ ವ್ಯತ್ಯಾಸವೂ ಇರಲಿಲ್ಲ. ಆ ಮಾತು ಹೇಗೆ ಹುಟ್ಟಿತು, ಕಸುಬಿನ ಹೆಸರು ಮನೆತನದ ಹೆಸರಾದದ್ದು ಹೇಗೆ, ಅದನ್ನು ಇಷ್ಟೊಂದು ಜನ ಹೊತ್ತಿರುವುದಕ್ಕೆ ಕಾರಣವೇನು ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಟೈಲರ್ ಎಂದರೆ ಹೊಲಿಯುವವನು ಎಂದು ನಾವೆಲ್ಲರೂ ತಿಳಿದಿದ್ದೇವೆ. ಮಾತಿನ ಮೂಲಾರ್ಥ ಅದಲ್ಲ. ಹಳೆಯ ಫ್ರೆಂಚ್‌ನ ‘ತಾಯಿಯೇ’ ಎಂಬ ಕ್ರಿಯಾಪದಕ್ಕೆ ಕತ್ತರಿಸು ಎಂದು ಅರ್ಥ. ಅದರ ಹಿಂದೆ ಲ್ಯಾಟಿನ್‌ನ ‘ತಾಲಿಯಾ’ ಎಂಬ ಪದವಿದೆ, ಅದಕ್ಕೆ ಕಡಿದ ಕೊಂಬೆ, ನೆಡುವುದಕ್ಕೆಂದು ಕತ್ತರಿಸಿಕೊಂಡ ಕಡ್ಡಿ ಎಂದರ್ಥ. ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಫ್ರೆಂಚ್‌ನಲ್ಲಿ ಅದು ‘ತಾಯ್ಯೂರ್’ ಆಯಿತು, ಎಂದರೆ ಕತ್ತರಿಸುವವನು. ಹಾಗಾಗಿ ಟೇಲರ್ ಎಂಬ ಹೆಸರಿನಲ್ಲಿ ಸೂಜಿಯೂ ಇಲ್ಲ, ದಾರವೂ ಇಲ್ಲ. ಇರುವುದು ಕತ್ತರಿ ಮಾತ್ರ.

ಇದು ವಿಚಿತ್ರವೆನಿಸಿದರೆ ನಿಮ್ಮೂರಿನ ಯಾವುದಾದರೂ ದೊಡ್ಡ ಹೊಲಿಗೆ ಅಂಗಡಿಯನ್ನು ನೆನಪಿಸಿಕೊಳ್ಳಿ. ನನ್ನ ಬಾಲ್ಯದಲ್ಲಿ ನಮ್ಮ ಪೇಟೆಯಲ್ಲಿ ಅಂಥ ಒಂದು ಅಂಗಡಿಯಿತ್ತು. ಒಳಗೆ ನಾಲ್ಕು ಮಂದಿ ಯಂತ್ರದ ಮುಂದೆ ಕುಳಿತು ಹೊಲಿಯುತ್ತಿದ್ದರು, ಒಂದು ಅಂಗಿಗೆ ಇಷ್ಟು, ಒಂದು ಪ್ಯಾಂಟಿಗೆ ಇಷ್ಟು ಎಂದು ಅವರಿಗೆ ಕೂಲಿ. ಮುಂದುಗಡೆ ಎದೆಯುದ್ದದ ಮೇಜಿನ ಹಿಂದೆ, ಕೊರಳಿಗೆ ಟೇಪು ಹಾಕಿಕೊಂಡು ನಿಂತಿರುತ್ತಿದ್ದವರು ಕಟಿಂಗ್ ಮಾಸ್ತರರು. ಅಳತೆ ಪುಸ್ತಕ ಅವರದು, ಗಿರಾಕಿಯ ಜೊತೆ ಮಾತು ಅವರದು, ಬೋರ್ಡಿನ ಮೇಲಿನ ಹೆಸರೂ ಅವರದೇ. ಅವರು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ಸವರಿ, ಚಾಕಿನಿಂದ ಒಂದು ಬಾಗಿದ ಗೆರೆ ಎಳೆದು, ಆ ಭಾರದ ಕತ್ತರಿಯನ್ನು ಬಟ್ಟೆಯೊಳಗೆ ಓಡಿಸುವಾಗ ಅಂಗಡಿಯಲ್ಲಿ ಯಾರೂ ಅವರನ್ನು ಮಾತನಾಡಿಸುತ್ತಿರಲಿಲ್ಲ. ಒಮ್ಮೆ ನಾನು ಕಾರಣ ಕೇಳಿದ್ದಕ್ಕೆ, ‘ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು, ಕತ್ತರಿ ತಪ್ಪಿದರೆ ಬಟ್ಟೆ ಬಾಬ್ತು ನಾನು ಕಟ್ಟಿಕೊಡಬೇಕು’ ಎಂದಿದ್ದರು. ಉಣ್ಣೆಯ ಬಟ್ಟೆ ಇಂದಿಗಿಂತ ಎಷ್ಟೋ ಪಟ್ಟು ದುಬಾರಿಯಾಗಿದ್ದ ನಡುಗಾಲದ ಯೂರೋಪಿನಲ್ಲಿ ಈ ಭಯ ಇನ್ನೂ ಹೆಚ್ಚಾಗಿತ್ತು. ಹೊಲಿಯುವ ಕೈ ಪ್ರತಿ ಮನೆಯಲ್ಲೂ ಇತ್ತು. ಹಣ ಕೊಟ್ಟು ಕರೆಯಬೇಕಾಗಿದ್ದದ್ದು ಬೇರೆಯವರ ಬಟ್ಟೆಗೆ ಧೈರ್ಯದಿಂದ ಕತ್ತರಿ ಹಾಕಬಲ್ಲವನನ್ನು.

ಇದೇ ಬೇರಿನಿಂದ ಬಂದ ಇನ್ನೂ ಕೆಲವು ಮಾತುಗಳು ಕನ್ನಡದ ಅಂಗಡಿ ಬೀದಿಯಲ್ಲಿ ದಿನವೂ ಓಡಾಡುತ್ತಿವೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ರಿಟೇಲ್ ಎಂದರೆ ಇಡೀ ಥಾನಿನಿಂದ ಕತ್ತರಿಸಿ ಕೊಡುವುದು. ಡೀಟೇಲ್ ಎಂದರೆ ತುಂಡು ತುಂಡಾಗಿ ಬಿಡಿಸುವುದು. ಲೆಕ್ಕಪತ್ರ ಬರೆಯುವವರು ‘ಟ್ಯಾಲಿ ಆಯಿತೇ’ ಎಂದು ಕೇಳುತ್ತಾರಲ್ಲ, ಆ ಟ್ಯಾಲಿಯೂ ‘ತಾಲಿಯಾ’ ಎಂಬ ಕಡ್ಡಿಯೇ. ಕೊಡುವ ತೆಗೆದುಕೊಳ್ಳುವ ಮೊತ್ತಕ್ಕೆ ತಕ್ಕಂತೆ ಒಂದು ಕಡ್ಡಿಯ ಮೇಲೆ ಕಚ್ಚು ಹಾಕಿ, ಅದನ್ನು ಉದ್ದಕ್ಕೆ ಸೀಳಿ, ಆಚೆಯವನಿಗೊಂದು ಈಚೆಯವನಿಗೊಂದು ಹೋಳು ಕೊಡುವುದು ಇಂಗ್ಲೆಂಡಿನ ಖಜಾನೆಯಲ್ಲಿ ಶತಮಾನಗಳ ಕಾಲ ನಡೆದುಬಂದ ಪದ್ಧತಿ. ಎರಡು ಹೋಳು ಕೂಡಿಸಿದಾಗ ಕಚ್ಚುಗಳು ಹೊಂದಿದರೆ ಲೆಕ್ಕ ಸರಿ. 1826ರಲ್ಲಿ ಆ ಪದ್ಧತಿ ನಿಂತಿತು. ಉಳಿದಿದ್ದ ರಾಶಿ ರಾಶಿ ಕಡ್ಡಿಗಳನ್ನು 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟಿನ ಕಟ್ಟಡದ ಒಲೆಗಳಲ್ಲಿ ಸುಡಲು ಹೋಗಿ ಕಟ್ಟಡವೇ ಸುಟ್ಟುಹೋಯಿತು. ಇಂದು ಲಂಡನ್ನಿನಲ್ಲಿ ಕಾಣುವ ಪಾರ್ಲಿಮೆಂಟು ಆ ಬೆಂಕಿಯ ನಂತರ ಕಟ್ಟಿದ್ದು. ಬೆಂಗಳೂರಿನ ಕಂಪನಿಯೊಂದು ತನ್ನ ಲೆಕ್ಕದ ಸಾಫ್ಟ್‌ವೇರಿಗೆ ಆ ಕಡ್ಡಿಯ ಹೆಸರನ್ನೇ ಇಟ್ಟಿದೆ.

ಈಗ ಟೇಲರ್‌ಗೆ ಮರಳೋಣ. 1066ರಲ್ಲಿ ನಾರ್ಮನ್ನರು ಬರುವ ಮೊದಲು ಇಂಗ್ಲೆಂಡಿನಲ್ಲಿ ಬಟ್ಟೆ ಹೊಲಿಯುವವರು ಇರಲಿಲ್ಲವೇ? ಇದ್ದರು. ಅವರನ್ನು ‘ಸೇಯಮೆರೆ’ ಎನ್ನುತ್ತಿದ್ದರು, ಎಂದರೆ ಹೊಲಿಗೆಯ ಅಂಚು ಕೂಡಿಸುವವನು. ಅದರ ಸ್ತ್ರೀರೂಪದಿಂದ ಇಂದಿನ ಸೀಮ್‌ಸ್ಟ್ರೆಸ್ ಎಂಬ ಪದ ಬಂದಿದೆ, ಸೀಮರ್ ಎಂಬ ಅಡ್ಡಹೆಸರೂ ಅಲ್ಲಲ್ಲಿ ಉಳಿದಿದೆ. ಆದರೆ ಅರಮನೆಯ ಮಾತು ಫ್ರೆಂಚ್ ಆದ ಮೇಲೆ ಅರಮನೆಗೆ ಬಟ್ಟೆ ಸಿದ್ಧಪಡಿಸುವವನ ಹೆಸರೂ ಫ್ರೆಂಚ್ ಆಯಿತು. ಊರಿನವರಿಗೆಲ್ಲ ಕೆಲಸ ಮಾಡಿಕೊಡುತ್ತಿದ್ದ ಕಮ್ಮಾರ ಸ್ಮಿತ್ ಆಗಿಯೇ ಉಳಿದ, ರೊಟ್ಟಿ ಸುಡುವವನು ಬೇಕರ್ ಆಗಿಯೇ ಉಳಿದ. ಇವು ನೆಲದ ಹಳೆಯ ಮಾತುಗಳು. ದೊಡ್ಡವರ ಮೈಗೆ, ಮನೆಗೆ ಸಂಬಂಧಪಟ್ಟ ಟೇಲರ್, ಮೇಸನ್, ಬಾರ್ಬರ್ ಫ್ರೆಂಚ್‌ನಿಂದ ಬಂದವು.

ನಮ್ಮಲ್ಲೂ ಹೀಗೆಯೇ ಆಗಿದೆ. ಹಳಗನ್ನಡದಲ್ಲಿ ಬಟ್ಟೆ ಹೊಲಿಯುವವನಿಗೆ ಚಿಪ್ಪಿಗ ಎಂಬ ಒಳ್ಳೆಯ ಮಾತಿತ್ತು. ಸಿಂಪಿಗ ಎಂಬುದು ಅದರ ಬಳಗದ್ದೇ. ಪಾರಸಿಯ ಆಡಳಿತ ಬಂದಾಗ ದರ್ಜಿ ಬಂದ. ಪಾರಸಿಯಲ್ಲಿ ‘ದರ್ಜ್’ ಎಂದರೆ ಹೊಲಿಗೆಯ ಅಂಚು, ಎಂದರೆ ದರ್ಜಿಗೂ ಹಳೆಯ ಇಂಗ್ಲಿಷಿನ ‘ಸೇಯಮೆರೆ’ಗೂ ಕಲ್ಪನೆ ಒಂದೇ. ಆಮೇಲೆ ಇಂಗ್ಲಿಷರ ಜೊತೆಗೆ ಟೈಲರ್ ಬಂದ. ಇವತ್ತು ನಮ್ಮ ಯಾವ ಪೇಟೆಯಲ್ಲಾದರೂ ಚಿಪ್ಪಿಗನ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ, ಯಾರಿಗೂ ತಿಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಒಮ್ಮೆ ಫ್ರೆಂಚರ ಕೈಯಲ್ಲಿ ಸೋತ ನೆಲದ ಮಾತಿನ ಗತಿಯೇ ಏಳು ಶತಮಾನಗಳ ನಂತರ ಇಲ್ಲಿನ ಮಾತಿಗೂ ಬಂತು. ವಿಶೇಷವೆಂದರೆ ಎರಡೂ ಕಡೆ ಗೆದ್ದದ್ದು ಒಂದೇ ಪದ.

ಇನ್ನು ಕಸುಬಿನ ಹೆಸರು ಮನೆತನದ ಹೆಸರಾದ ಬಗೆಯನ್ನು ನೋಡೋಣ. ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹನ್ನೆರಡನೆಯ ಶತಮಾನದ ನಮ್ಮ ಶರಣರ ಹೆಸರುಗಳನ್ನು ನೆನೆಯಿರಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಸೂಜಿಕಾಯಕದ ರಾಮಿತಂದೆ. ಇಲ್ಲಿ ಕಾಯಕದ ಹೆಸರು ಆ ಒಬ್ಬ ವ್ಯಕ್ತಿಯನ್ನು ಗುರುತಿಸುತ್ತದೆ. ಅದು ಅವನ ಕೈಕೆಲಸದ ವಿವರಣೆ. ಸರಿಸುಮಾರು ಅದೇ ಕಾಲದ ಇಂಗ್ಲೆಂಡಿನಲ್ಲೂ ವಿಲಿಯಂ ಎಂಬವನನ್ನು ಇನ್ನೊಬ್ಬ ವಿಲಿಯಂನಿಂದ ಬೇರೆ ಮಾಡಿ ತಿಳಿಯಲು ‘ವಿಲಿಯಂ ಲ ತಾಯ್ಯೂರ್’ ಎಂದು ಬರೆದುಕೊಳ್ಳುತ್ತಿದ್ದರು. ನಾರ್ಮನ್ನರು ಬಂದ ಮೇಲೆ ಅಲ್ಲಿ ಹಳೆಯ ನೂರಾರು ಹೆಸರುಗಳು ಮರೆಯಾಗಿ, ವಿಲಿಯಂ, ಜಾನ್, ರಾಬರ್ಟ್, ರಿಚರ್ಡ್ ಎಂಬ ಕೆಲವೇ ಹೆಸರುಗಳು ಎಲ್ಲರಿಗೂ ಇಡಲ್ಪಟ್ಟಿದ್ದವು. ಒಂದು ಹಳ್ಳಿಯಲ್ಲಿ ಐದು ಮಂದಿ ಜಾನ್‌ಗಳಿದ್ದರೆ ತೆರಿಗೆಯವನು ಏನು ಮಾಡಬೇಕು? ಒಬ್ಬನನ್ನು ಕಮ್ಮಾರ ಜಾನ್, ಒಬ್ಬನನ್ನು ಹೊಳೆದಂಡೆಯ ಜಾನ್, ಒಬ್ಬನನ್ನು ಕೆಂಚ ಜಾನ್, ಇನ್ನೊಬ್ಬನನ್ನು ಕತ್ತರಿಯ ಜಾನ್ ಎಂದು ಬರೆದುಕೊಂಡ. ಇಷ್ಟರವರೆಗೆ ಅದು ವಿವರಣೆಯೇ ಹೊರತು ಅಡ್ಡಹೆಸರಲ್ಲ. ಕತ್ತರಿಯ ಜಾನನ ಮಗ ಹೊಲ ಉಳುತ್ತಿದ್ದರೂ ಅವನನ್ನು ಟೇಲರ್ ಎಂದೇ ಕರೆದ ದಿನ ಅದು ಅಡ್ಡಹೆಸರಾಯಿತು. ಕಸುಬು ಬಿಟ್ಟ ಮೇಲೂ ಉಳಿಯುವ ಕಸುಬಿನ ಹೆಸರೇ ನಿಜವಾದ ಅಡ್ಡಹೆಸರು.

ಈ ಬದಲಾವಣೆ ಒಂದು ದಿನದಲ್ಲಿ ಆದದ್ದಲ್ಲ. ಭೂಮಿ ಕಾಣಿ ಇದ್ದ ದೊಡ್ಡ ಮನೆತನಗಳಲ್ಲಿ ಮೊದಲು ಬಂತು, ಸಾಮಾನ್ಯರಲ್ಲಿ ನಿಧಾನವಾಗಿ ಹರಡಿತು. ದಕ್ಷಿಣ ಇಂಗ್ಲೆಂಡಿನಲ್ಲಿ ಬೇಗ, ಉತ್ತರದಲ್ಲಿ ತಡವಾಗಿ. 1377, 1379 ಮತ್ತು 1381ರಲ್ಲಿ ಮೂರು ಬಾರಿ ತಲೆಗಂದಾಯ ವಿಧಿಸಿದಾಗ ಗುಮಾಸ್ತರು ಊರೂರಿನ ಪಟ್ಟಿ ಮಾಡಿದರು. ಗುಮಾಸ್ತರು ಬರೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಅಲ್ಲಿ ಟೇಲರನನ್ನು ‘ಸಿಸ್ಸೋರ್’ ಎಂದು ಬರೆಯುವುದೂ ಇತ್ತು. ಅದಕ್ಕೂ ಕತ್ತರಿಸುವವನು ಎಂದೇ ಅರ್ಥ. ಯೋಚಿಸಿ ನೋಡಿ: ತನ್ನ ಮನೆಯಲ್ಲಿ ಇಂಗ್ಲಿಷ್ ಮಾತನಾಡುವ ಒಬ್ಬ ಹಳ್ಳಿಗನಿಗೆ ಆಳುವವರು ಒಂದು ಫ್ರೆಂಚ್ ಹೆಸರು ಕೊಟ್ಟರು, ಅದನ್ನು ಗುಮಾಸ್ತ ಲ್ಯಾಟಿನ್‌ನಲ್ಲಿ ಬರೆದುಕೊಂಡ. ಬರೆದದ್ದನ್ನು ಓದಲು ಬಾರದ ಆ ಮನುಷ್ಯನನ್ನು ನಿನಗೆ ಯಾವ ಹೆಸರು ಬೇಕು ಎಂದು ಯಾರೂ ಕೇಳಿರಲಿಕ್ಕಿಲ್ಲ. ಅಡ್ಡಹೆಸರು ಎಂಬುದು ನಾವು ಇಟ್ಟುಕೊಂಡದ್ದಲ್ಲ, ಕರೆದವರು ಮತ್ತು ಬರೆದವರು ನಮ್ಮ ಮೇಲೆ ಇಟ್ಟುಹೋದದ್ದು. ನಾನು ಇಂದು ಹೇಳಬೇಕೆಂದಿರುವುದರಲ್ಲಿ ಮುಖ್ಯವಾದದ್ದು ಇದೇ.

ಕಾನೂನು ಇದನ್ನು ಇನ್ನಷ್ಟು ಗಟ್ಟಿ ಮಾಡಿತು. 1413ರ ಒಂದು ಶಾಸನದ ಪ್ರಕಾರ ನ್ಯಾಯಾಲಯದ ದಾವೆಗಳಲ್ಲಿ ಹೆಸರಿನ ಜೊತೆ ಮನುಷ್ಯನ ಅಂತಸ್ತು ಅಥವಾ ಕಸುಬು, ವಾಸದ ಊರು ಇವುಗಳನ್ನು ಬರೆಯಲೇಬೇಕಾಯಿತು. ಕಸುಬನ್ನು ಬೇರೆಯಾಗಿ ಬರೆಯಬೇಕಾಗಿ ಬಂತೆಂದರೆ ಹೆಸರಿನೊಳಗಿನ ಕಸುಬಿನ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚಿನಲ್ಲೂ ಹುಟ್ಟಿದವರ, ಮದುವೆಯಾದವರ, ಸತ್ತವರ ದಾಖಲೆ ಇಡಬೇಕೆಂದು ಆಜ್ಞೆ ಮಾಡಿದ ಮೇಲೆ ಹೆಸರು ಕದಲುವುದಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ.

ಇಷ್ಟೊಂದು ಟೇಲರ್‌ಗಳು ಏಕಿದ್ದಾರೆ ಎಂಬ ಪ್ರಶ್ನೆಗೆ ಬರುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ ಮರಣ ನೋಂದಣಿ ಇಲಾಖೆ 1853ರ ದಾಖಲೆಗಳನ್ನು ಆಧರಿಸಿ ಅಡ್ಡಹೆಸರುಗಳ ಅಂದಾಜು ಪಟ್ಟಿಯೊಂದನ್ನು ಮಾಡಿತ್ತು. ಅದರಲ್ಲಿ ಸ್ಮಿತ್ 2,53,600, ಜೋನ್ಸ್ 2,42,100, ವಿಲಿಯಮ್ಸ್ 1,59,900, ನಾಲ್ಕನೆಯದಾಗಿ ಟೇಲರ್ 1,24,400. ಎಂದರೆ ಸುಮಾರು 150 ಜನರಲ್ಲಿ ಒಬ್ಬರು ಟೇಲರ್. ಜೋನ್ಸ್, ವಿಲಿಯಮ್ಸ್ ಎಂಬವು ಅಪ್ಪನ ಹೆಸರಿನಿಂದ ಬಂದವು, ವೇಲ್ಸ್‌ನ ಕಡೆ ಹೆಚ್ಚು. ಕಸುಬಿನ ಹೆಸರುಗಳನ್ನಷ್ಟೇ ಲೆಕ್ಕ ಹಾಕಿದರೆ ಸ್ಮಿತ್ ಮೊದಲು, ಟೇಲರ್ ಎರಡನೆಯದು. ಇಂದಿಗೂ ಆ ದೇಶದ ಅತಿ ಸಾಮಾನ್ಯ ಹೆಸರುಗಳ ಮೊದಲ ಸಾಲಿನಲ್ಲಿ ಅದು ಇದ್ದೇ ಇದೆ.

ಬಟ್ಟೆಯ ಕಸುಬಿನಲ್ಲಿ ಇನ್ನೂ ಎಷ್ಟೋ ಜನರಿದ್ದರು. ನೇಯುವವರು ವೆಬ್, ವೆಬ್‌ಸ್ಟರ್, ವೀವರ್ ಆದರು. ನೇಯ್ದ ಉಣ್ಣೆಯ ಬಟ್ಟೆಯನ್ನು ನೀರಿನಲ್ಲಿ ತುಳಿದು ಗಟ್ಟಿ ಮಾಡುವವನಿಗೆ ಉತ್ತರದಲ್ಲಿ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕರ್ ಎಂದು ಹೆಸರು. ವಾಕರ್ ಎಂದರೆ ನಡೆಯುವವನಲ್ಲ, ತೊಟ್ಟಿಯೊಳಗೆ ಬಟ್ಟೆಯ ಮೇಲೆ ನಡೆಯುವವನು. ಒಂದೇ ಕಸುಬು ಮೂರು ಹೆಸರಾಗಿ ಹಂಚಿಹೋದ ಕಾರಣ ಯಾವುದೂ ತುಂಬ ದೊಡ್ಡದಾಗಲಿಲ್ಲ. ಟೇಲರ್‌ಗೆ ಹಾಗಾಗಲಿಲ್ಲ. ಆ ಮಾತು ಮೇಲಿನಿಂದ ಇಳಿದು ಬಂದ ಕಾರಣ ಇಡೀ ದೇಶಕ್ಕೆ ಒಂದೇ ಆಗಿತ್ತು, ಕಸುಬೂ ಪ್ರತಿ ಊರಿನಲ್ಲಿತ್ತು. ನೇಯ್ಗೆಯ ಸೀಮೆ, ಉಣ್ಣೆಯ ಸೀಮೆ ಎಂದು ಇರಬಹುದು, ಬಟ್ಟೆ ತೊಡದವರ ಸೀಮೆ ಎಂದು ಒಂದು ಇರಲಿಲ್ಲವಲ್ಲ! ಜೊತೆಗೆ ಹದಿನಾಲ್ಕನೆಯ ಶತಮಾನದ ಮಧ್ಯದ ಹೊತ್ತಿಗೆ ಸಡಿಲವಾದ ನಿಲುವಂಗಿಗಳ ಬದಲು ಮೈಗೆ ಅಂಟುವ, ಗುಂಡಿ ಹಾಕುವ, ತೋಳನ್ನು ಬೇರೆಯಾಗಿ ಕತ್ತರಿಸಿ ಕೂಡಿಸುವ ಉಡುಪು ಬಳಕೆಗೆ ಬಂತು. ಅಡ್ಡಹೆಸರುಗಳು ನೆಲೆ ನಿಲ್ಲುತ್ತಿದ್ದ ಕಾಲವೂ ಅದೇ. ಕತ್ತರಿಗೆ ಬೇಡಿಕೆ ಏರುತ್ತಿದ್ದಾಗಲೇ ಹೆಸರು ಬರೆಯುವ ಲೇಖನಿಯೂ ಚುರುಕಾಗಿತ್ತು.

ಹೀಗೆ ಸಾವಿರಾರು ಊರುಗಳಲ್ಲಿ ಸಾವಿರಾರು ಬಾರಿ ಬೇರೆ ಬೇರೆಯಾಗಿ ಹುಟ್ಟಿದ ಹೆಸರಾದ್ದರಿಂದ ಇಬ್ಬರು ಟೇಲರ್‌ಗಳು ಭೇಟಿಯಾದರೆ ಅವರು ಬಂಧುಗಳೆಂದು ತಿಳಿಯಲು ಯಾವ ಆಧಾರವೂ ಇಲ್ಲ. ನಮ್ಮಲ್ಲಿ ಇಬ್ಬರು ಬಡಿಗೇರರು, ಇಬ್ಬರು ಪತ್ತಾರರು ಭೇಟಿಯಾದರೂ ಅಷ್ಟೆ. ಲೆಸ್ಟರ್ ವಿಶ್ವವಿದ್ಯಾಲಯದ ತಳಿವಿಜ್ಞಾನಿಗಳು ತಂದೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೊಸೋಮನ್ನು ಅಡ್ಡಹೆಸರುಗಳ ಜೊತೆ ಹೋಲಿಸಿ ನೋಡಿದಾಗ, ಅಟೆನ್‌ಬರೋದಂಥ ವಿರಳ ಹೆಸರಿನವರಲ್ಲಿ ಬಹುಪಾಲು ಒಂದೇ ಮೂಲ ಕಂಡಿತು. ಸ್ಮಿತ್‌ನಂಥ ಅತಿ ಸಾಮಾನ್ಯ ಹೆಸರಿನವರಲ್ಲಿ ದಾರಿಯಲ್ಲಿ ಹೋಗುವ ಯಾರೋ ಇಬ್ಬರ ನಡುವೆ ಇರುವಷ್ಟೇ ಸಂಬಂಧ ಕಂಡಿತು.

ಇನ್ನೊಂದು ಕುತೂಹಲದ ವಿಷಯ ಕಾಗುಣಿತದ್ದು. ಇಂಗ್ಲಿಷಿನಲ್ಲಿ ಕಸುಬಿನ ಟೇಲರನ್ನು ‘ಐ’ ಅಕ್ಷರದಿಂದ ಬರೆಯುತ್ತಾರೆ, ಹೆಸರಿನ ಟೇಲರನ್ನು ‘ವೈ’ ಅಕ್ಷರದಿಂದ. ಉಚ್ಚಾರ ಎರಡಕ್ಕೂ ಒಂದೇ. ಹಳೆಯ ಕೈಬರಹದಲ್ಲಿ ಈ ಎರಡು ಅಕ್ಷರಗಳು ಒಂದರ ಬದಲು ಒಂದು ಬರುತ್ತಿದ್ದವು, ಕಸುಬನ್ನೂ ‘ವೈ’ಯಿಂದ ಬರೆದದ್ದುಂಟು. ಮುದ್ರಣ ಬಂದು ಕಾಗುಣಿತ ನೆಲೆಯಾಗುವಾಗ ಕಸುಬು ಒಂದು ಕಡೆ ಹೋಯಿತು, ಹೆಸರು ತನ್ನ ಹಳೆಯ ವೇಷದಲ್ಲೇ ಉಳಿಯಿತು. ಲಂಡನ್ನಿನ ಹೊಲಿಗೆಯವರ ಸಂಘ ಇದಕ್ಕೆ ಒಳ್ಳೆಯ ಸಾಕ್ಷಿ. 1327ರಲ್ಲಿ ಮೂರನೆಯ ಎಡ್ವರ್ಡ್‌ನಿಂದ ಸನದು ಪಡೆದ ಆ ಸಂಘ ಇಂದಿಗೂ ‘ಮರ್ಚೆಂಟ್ ಟೇಲರ್ಸ್’ ಎಂಬ ಹೆಸರನ್ನು ‘ವೈ’ ಅಕ್ಷರದಿಂದಲೇ ಬರೆಯುತ್ತದೆ. ಕಬ್ಬಿಣದ ಕವಚದ ಒಳಗೆ ಯೋಧರು ತೊಡುತ್ತಿದ್ದ, ಒಳಗೆ ಹತ್ತಿ ತುಂಬಿದ ದಪ್ಪ ಅಂಗಿಗಳನ್ನೂ ಅವರೇ ಮಾಡುತ್ತಿದ್ದರು. ಮೆರವಣಿಗೆಯಲ್ಲಿ ತಾವು ಮೊದಲೋ ತುಪ್ಪುಳಿನ ಚರ್ಮದ ವ್ಯಾಪಾರಿಗಳ ಸಂಘ ಮೊದಲೋ ಎಂಬ ಜಗಳ ಬಹುಕಾಲ ನಡೆದು, 1484ರಲ್ಲಿ ಲಂಡನ್ನಿನ ಮೇಯರ್ ಒಂದು ವರ್ಷ ಇವರು ಆರನೆಯವರು ಅವರು ಏಳನೆಯವರು, ಮರುವರ್ಷ ಅದು ತಿರುವುಮುರುವು ಎಂದು ತೀರ್ಪು ಕೊಟ್ಟ. ಇಂಗ್ಲಿಷಿನಲ್ಲಿ ಗೊಂದಲಕ್ಕೆ ‘ಆರು ಏಳು’ ಎನ್ನುವ ನುಡಿಗಟ್ಟು ಈ ಜಗಳದಿಂದ ಬಂತೆಂದು ಹೇಳುವವರು ಬಹಳ. ಆದರೆ ಆ ನುಡಿ ಅದಕ್ಕೂ ನೂರು ವರ್ಷ ಹಿಂದಿನ ಚಾಸರನ ಕಾವ್ಯದಲ್ಲೇ ಇದೆ, ಆದ್ದರಿಂದ ಆ ಕಥೆಯನ್ನು ನಾನು ನಂಬುವುದಿಲ್ಲ.

ಹೆಸರಿನವರು ‘ವೈ’ ಅಕ್ಷರವನ್ನು ಬಿಡದಿರುವುದರಲ್ಲಿ ಸ್ವಲ್ಪ ಬಿಗುಮಾನವೂ ಸೇರಿದೆಯೆಂದು ನನ್ನ ಗುಮಾನಿ. ಒಂಬತ್ತು ಮಂದಿ ದರ್ಜಿಗಳು ಸೇರಿದರೆ ಒಬ್ಬ ಗಂಡಸು ಎಂಬ ಕುಚೋದ್ಯದ ಗಾದೆ ಇಂಗ್ಲಿಷಿನಲ್ಲಿತ್ತು. ಚಕ್ಕಳಮಕ್ಕಳ ಹಾಕಿ ಕುಳಿತು ಕೆಲಸ ಮಾಡುವವನನ್ನು ಅಲ್ಲಿನ ಸಮಾಜ ಹಗುರವಾಗಿ ಕಂಡಿತು. ಹಣ, ಬಿರುದು ಬಂದ ಕೆಲವು ಮನೆತನಗಳು ‘ಟೇಲೂರ್’, ‘ಟೇಲ್ಯೋರ್’ ಎಂಬಂತೆ ಇನ್ನೊಂದೆರಡು ಅಕ್ಷರ ಸೇರಿಸಿಕೊಂಡು ಕಸುಬಿನಿಂದ ಇನ್ನಷ್ಟು ದೂರ ಸರಿದವು.

ಇಲ್ಲಿ ನಮ್ಮ ಕನ್ನಡ ಮಾಡಿದ ಚಮತ್ಕಾರವೊಂದನ್ನು ಗಮನಿಸಬೇಕು. ಇಂಗ್ಲಿಷಿನವರು ಕಣ್ಣಿಗಷ್ಟೇ ಕಾಣುವಂತೆ ಮಾಡಿದ ಭೇದವನ್ನು ನಾವು ಕಿವಿಗೂ ಕೇಳುವಂತೆ ಮಾಡಿಕೊಂಡಿದ್ದೇವೆ. ಅಂಗಡಿಯವನು ಟೈಲರ್, ಎಲಿಜಬೆತ್ ಮಾತ್ರ ಟೇಲರ್. ಗಣಿತ ಓದುವ ಮಕ್ಕಳು 1715ರಲ್ಲಿ ಬ್ರೂಕ್ ಟೇಲರ್ ಪ್ರಕಟಿಸಿದ ಸೂತ್ರವನ್ನು ಟೇಲರ್ ಶ್ರೇಣಿ ಎನ್ನುತ್ತಾರೆಯೇ ವಿನಾ ಟೈಲರ್ ಶ್ರೇಣಿ ಎನ್ನುವುದಿಲ್ಲ. ಆದರೆ ಇದರಿಂದ ಒಂದು ತೊಡಕೂ ಉಂಟಾಗಿದೆ. ಇಂಗ್ಲಿಷಿನಲ್ಲಿ ಟೈಲರ್ ಎಂಬ ಇನ್ನೊಂದು ಅಡ್ಡಹೆಸರೇ ಇದೆ. ಅದು ಹೆಂಚು ಹೊದಿಸುವವನ ಹೆಸರು, ಮನೆಗೆ ಹಾಕುವ ಟೈಲ್ಸ್ ಇದೆಯಲ್ಲ, ಅದರಿಂದ ಬಂದದ್ದು. ನಾನು ಆಗಲೇ ಹೇಳಿದ ತಲೆಗಂದಾಯದ ವಿರುದ್ಧ 1381ರಲ್ಲಿ ರೈತರ ದಂಗೆಯ ಮುಂದಾಳಾಗಿ ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ಕೊಲೆಯಾದ ವಾಟ್ ಟೈಲರ್ ಈ ಹೆಂಚಿನವನು, ನಮ್ಮ ಕತ್ತರಿಯವನಲ್ಲ. ಅಮೆರಿಕದ ಹತ್ತನೆಯ ಅಧ್ಯಕ್ಷ ಜಾನ್ ಟೈಲರ್ ಹೆಂಚಿನವನು, ಹನ್ನೆರಡನೆಯ ಅಧ್ಯಕ್ಷ ಜಕಾರಿ ಟೇಲರ್ ಕತ್ತರಿಯವನು. ಕನ್ನಡದಲ್ಲಿ ಬರೆಯುವವರು ಇವರಿಬ್ಬರ ವಿಷಯದಲ್ಲಿ ಎಚ್ಚರ ತಪ್ಪಿದರೆ ಕಸುಬೇ ಬದಲಾಗಿಹೋಗುತ್ತದೆ.

ಈ ಕತ್ತರಿಯವನು ಇಂಗ್ಲೆಂಡಿಗಷ್ಟೇ ಸೇರಿದವನಲ್ಲ. ಜರ್ಮನಿಯ ಷ್ನೈಡರ್, ಡಚ್ಚರ ಸ್ನೈಡರ್ಸ್ ಎರಡೂ ಕತ್ತರಿಸು ಎಂಬ ಧಾತುವಿನಿಂದ ಬಂದವು. ಹಂಗರಿಯ ಅತಿ ಸಾಮಾನ್ಯ ಹೆಸರುಗಳಲ್ಲೊಂದಾದ ಸಾಬೋ, ಪೋಲೆಂಡಿನ ಕ್ರಾವಿಯೆಟ್ಸ್ ಕೂಡ ಹಾಗೆಯೇ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಗೇಲಿಕ್ ನುಡಿಯಲ್ಲಿ ‘ದರ್ಜಿಯ ಮಗ’ ಎಂದಿದ್ದ ಹೆಸರು ಇಂಗ್ಲಿಷಿಗೆ ಬಂದಾಗ ಟೇಲರ್ ಆಗಿ ಈ ರಾಶಿಗೇ ಸೇರಿತು. ಇಟಲಿಯ ಸಾರ್ತೋರಿ ಮಾತ್ರ ಬೇರೆ ದಾರಿಯವನು, ಅವನ ಹೆಸರಿನಲ್ಲಿರುವುದು ತೇಪೆ ಹಾಕುವ, ಹೊಲಿಯುವ ಕೆಲಸ; ಅರಬರ ಖಯ್ಯಾತನದೂ ಹೊಲಿಗೆಯೇ. ಭಾರತದಲ್ಲಿ ಗುಜರಾತಿನ ಕಡೆ ಟೇಲರ್ ಎಂಬ ಅಡ್ಡಹೆಸರೇ ಇದೆ, ಆದರೆ ಅವರು ಬರೆಯುವುದು ಕಸುಬಿನ ಕಾಗುಣಿತದಲ್ಲಿ, ‘ಐ’ ಅಕ್ಷರದಿಂದ. ಅವರಿಗೆ ಅದನ್ನು ಮರೆಮಾಡುವ ಅಗತ್ಯ ಕಂಡಿಲ್ಲ.

ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಹೆಸರು ಉತ್ತರ ಕರ್ನಾಟಕದ ಸಿಂಪಿ. ಆ ಹೆಸರು ಹೇಳಿದೊಡನೆ ನಿಮಗೆ ನೆನಪಾಗುವವರು ಚಡಚಣದ ಸಿಂಪಿ ಲಿಂಗಣ್ಣನವರು, ಹಲಸಂಗಿ ಗೆಳೆಯರ ಬಳಗದಲ್ಲಿ ಸೇರಿ ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದಿಟ್ಟವರು. ಅವರು ಶಿಕ್ಷಕರಾಗಿದ್ದರು, ಸಾಹಿತಿಯಾಗಿದ್ದರು. ಅವರ ಓದುಗರಲ್ಲಿ ಎಷ್ಟು ಮಂದಿ ಆ ಮೊದಲ ಪದವನ್ನು ಕತ್ತರಿ ಸೂಜಿಗಳ ಜೊತೆ ಜೋಡಿಸಿ ನೋಡಿದ್ದಾರು? ಬ್ರೂಕ್ ಟೇಲರನ ಸೂತ್ರ ಕಲಿಯುವ ಇಂಗ್ಲಿಷ್ ಹುಡುಗನಿಗೂ ದರ್ಜಿಯ ನೆನಪು ಬರುವುದಿಲ್ಲ. ಮೈಸೂರು ಸೀಮೆಯ ನಮಗೆ ಅಪ್ಪನ ಹೆಸರಿನ, ಊರಿನ ಹೆಸರಿನ ಇನಿಷಿಯಲ್ ಅಭ್ಯಾಸವಾದ್ದರಿಂದ ಈ ಅನುಭವ ಕಡಿಮೆ. ಕಮ್ಮಾರ, ಹೂಗಾರ, ಗಾಣಿಗೇರ ಎಂಬ ಅಡ್ಡಹೆಸರುಗಳ ನಡುವೆ ಬೆಳೆದ ಧಾರವಾಡ, ವಿಜಯಪುರ, ಕಲಬುರಗಿಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಹಡಗು ಹತ್ತಿದ ಟೇಲರ್‌ಗಳ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಅಮೆರಿಕದ 2010ರ ಜನಗಣತಿಯಲ್ಲಿ ಆ ಹೆಸರಿನವರು ಸುಮಾರು ಏಳೂವರೆ ಲಕ್ಷ ಮಂದಿ, ಬ್ರಿಟನ್ನಿನಲ್ಲಿ ಇರುವುದಕ್ಕಿಂತ ಹೆಚ್ಚು. ಅವರೆಲ್ಲರ ಪೂರ್ವಿಕರು ಇಂಗ್ಲೆಂಡಿನವರಲ್ಲ. ಕೆಲವರು ಷ್ನೈಡರ್ ಆಗಿ ಹಡಗು ಹತ್ತಿ ಟೇಲರ್ ಆದವರು. ಗುಲಾಮಗಿರಿಯ ಕಾಲದಲ್ಲಿ ಕಾಗದಪತ್ರದಲ್ಲಿ ಅಡ್ಡಹೆಸರೇ ಇಲ್ಲದೆ ಬದುಕಿ, 1865ರ ಬಿಡುಗಡೆಯ ನಂತರ ಮೊದಲ ಬಾರಿಗೆ ದಾಖಲೆಗೆ ಪೂರ್ಣ ಹೆಸರು ಬರೆಸಿದ ಆಫ್ರಿಕನ್ ಮೂಲದವರೂ ಅವರಲ್ಲಿ ಬಹಳ ಮಂದಿ. 1899ರಲ್ಲಿ ಸೈಕಲ್ ಓಟದ ವಿಶ್ವಚಾಂಪಿಯನ್ ಆದ ಮಾರ್ಷಲ್ ‘ಮೇಜರ್’ ಟೇಲರ್ ಆಫ್ರಿಕನ್ ಅಮೆರಿಕನ್ ಆಗಿದ್ದ. ಹೆಸರಿಗೆ ತಕ್ಕಂತೆ ಬದುಕಿದ ಟೇಲರ್ ಯಾರೆಂದು ನನ್ನನ್ನು ಕೇಳಿದರೆ ಫ್ರೆಡರಿಕ್ ವಿನ್‌ಸ್ಲೋ ಟೇಲರ್ ಎನ್ನುತ್ತೇನೆ: ಕೈಯಲ್ಲಿ ಗಡಿಯಾರ ಹಿಡಿದು ಕಾರ್ಖಾನೆಯ ಕೆಲಸವನ್ನು ಸೆಕೆಂಡುಗಳ ಲೆಕ್ಕದಲ್ಲಿ ತುಂಡು ತುಂಡು ಮಾಡಿದವನು. 1990ರ ದಶಕದಲ್ಲಿ ಅಲ್ಲಿ ಟೇಲರ್ ಎಂಬುದು ಹೆಣ್ಣುಮಕ್ಕಳಿಗೆ ಇಡುವ ಹೆಸರುಗಳ ಮೊದಲ ಹತ್ತರೊಳಗೆ ಬಂತು. 1989ರಲ್ಲಿ ಹುಟ್ಟಿದ ಗಾಯಕಿ ಟೇಲರ್ ಸ್ವಿಫ್ಟ್‌ಗೆ ಆ ಹೆಸರು ಬಂದದ್ದು ಜೇಮ್ಸ್ ಟೇಲರ್ ಎಂಬ ಗಾಯಕನ ಅಡ್ಡಹೆಸರಿನಿಂದ. ಊರಿನ ಗುಮಾಸ್ತ ಕೊಟ್ಟ ಹೆಸರನ್ನು ಈಗ ತಂದೆತಾಯಂದಿರು ಆರಿಸಿ ಇಡುತ್ತಿದ್ದಾರೆ.

ಕೊನೆಯದಾಗಿ ಸುರಪುರದ ಗುಡ್ಡಕ್ಕೆ ಬರೋಣ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ವರ್ತಕನೊಬ್ಬನ ಮಗನಾಗಿ ಹುಟ್ಟಿದ. ಅವನ ನಡುವಿನ ಹೆಸರಾದ ಮೆಡೋಸ್ ಕೂಡ ಅಡ್ಡಹೆಸರೇ, ಹುಲ್ಲುಗಾವಲಿನ ಬಳಿ ಮನೆಯಿದ್ದವರದು. ಹದಿನೈದರ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹೈದರಾಬಾದ್ ನಿಜಾಮನ ಸೇವೆಗೆ ಸೇರಿ, 1841ರಲ್ಲಿ ಸುರಪುರಕ್ಕೆ ಬಂದ. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ, ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. 1853ರವರೆಗೆ ಆ ಬಾಲಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿದ ಟೇಲರ್ ಕೆರೆಗಳನ್ನು ನೋಡಿದ, ಸುತ್ತಲಿನ ಬಯಲಿನ ಬೃಹತ್ ಶಿಲಾಸಮಾಧಿಗಳನ್ನು ಅಳೆದು ಬರೆದಿಟ್ಟ, ಗುಡ್ಡದ ಮೇಲೆ ಈ ಬಂಗಲೆ ಕಟ್ಟಿಸಿದ.

ಆ ಊರಿನ ಜನಕ್ಕೆ ಟೇಲರ್ ಎಂಬ ಮಾತಿನಿಂದ ಏನೂ ಆಗಬೇಕಾಗಿರಲಿಲ್ಲ. ಅವರು ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಬಾಲಕ ದೊರೆ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಆ ಹುಡುಗ ಬೆಳೆದು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೋತು ಸೆರೆಯಾಗಿ ಸಿಕಂದರಾಬಾದಿನಲ್ಲಿದ್ದಾಗ ಟೇಲರ್ ನೋಡಲು ಹೋದ. ಅಲ್ಲಿಯೂ ವೆಂಕಟಪ್ಪ ನಾಯಕ ಕರೆದದ್ದು ‘ಅಪ್ಪಾ’ ಎಂದೇ. ಇದನ್ನು ಟೇಲರನೇ ಬರೆದಿದ್ದಾನೆ. ಅದೇ ವರ್ಷ ಸೆರೆಯ ಊರಿಗೆ ಸಾಗಿಸುವಾಗ ದಾರಿಯಲ್ಲಿ ದೊರೆ ಗುಂಡಿನಿಂದ ಸತ್ತ. ಟೇಲರ್ 1876ರಲ್ಲಿ ಫ್ರಾನ್ಸಿನ ಮೆಂತೋನಿನಲ್ಲಿ ತೀರಿಕೊಂಡ. ಫ್ರೆಂಚರು ಇಂಗ್ಲಿಷರಿಗೆ ಕೊಟ್ಟ ಆ ಕತ್ತರಿಯ ಹೆಸರು ಮಾತ್ರ ಪಾರಸಿಯ ಮಂಜಿಲ್ ಜೊತೆ ಸೇರಿ, ಕನ್ನಡದ ಗುಡ್ಡದ ಮೇಲೆ ನಿಂತಿದೆ. ಕೆಳಗಿನ ಓಣಿಯಲ್ಲಿ ಆ ಹುಡುಗ ಹೇಳಿದ ಎರಡೂ ಅಂಗಡಿಗಳನ್ನು ಇಳಿದು ಬರುವಾಗ ನೋಡಿದೆ. ಒಂದರ ಬೋರ್ಡಿನಲ್ಲಿ ಟೈಲರ್ ಎಂದಿತ್ತು, ಇನ್ನೊಂದರಲ್ಲಿ ಟೇಲರ್.